ಬಿ.ಪಿ. ಹತೋಟಿಯಲ್ಲಿದ್ದರೂ ಆಲ್ಡೋಸ್ಟೆರಾನ್ ತಡೆಯುವ ಗುಳಿಗೆ ಏಕೆ? ಹೃದಯ ಮತ್ತು ಕಿಡ್ನಿ ನಾರುಗಟ್ಟುವ ಬಗ್ಗೆ

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ

ನಮ್ಮ ಅಣ್ಣನವರಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ಇತ್ತೀಚೆಗೆ ಹೃದಯಾಘಾತವಾದ ಮೇಲೆ ಎಕೋ ಮಾಡಿಸಿದಾಗ ಹೃದಯದ ಪಂಪಿಂಗ್ ಪ್ರಮಾಣ ಶೇ. 35ಕ್ಕೆ ಇಳಿದಿದೆ ಎಂದು ಬಂತು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಕೂಡ ಹೋಗುತ್ತಿದೆ. ಮೊದಲಿನಿಂದ ನಡೆದಿರುವ ಗುಳಿಗೆಗಳ ಜೊತೆಗೆ ವೈದ್ಯರು ಈಗ ಆಲ್ಡೋಸ್ಟೆರಾನ್ ಹಾರ್ಮೋನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ 25 ಮಿ.ಗ್ರಾಂ. ಸೇರಿಸಿದ್ದಾರೆ. ಔಷಧ ಅಂಗಡಿಯವರು ಇದು ಮೂತ್ರ ಹೆಚ್ಚಿಸಿ ಬಾವು ಇಳಿಸುವ ಗುಳಿಗೆ ಎಂದರು. ಅಣ್ಣನವರ ಕಾಲಿನಲ್ಲಿ ಬಾವು ಇಲ್ಲ, ಬಿ.ಪಿ. 118/76ರ ಆಸುಪಾಸಿನಲ್ಲಿದೆ. "ಇಲ್ಲದ ರೋಗಕ್ಕ ಇನ್ನೊಂದು ಗುಳಿಗಿ ಯಾಕ ನುಂಗಲಿ" ಎಂದು ಅವರು ಅದನ್ನು ಪಕ್ಕಕ್ಕಿಟ್ಟಿದ್ದಾರೆ. ವೈದ್ಯರನ್ನು ಕೇಳಿದಾಗ ಗಡಿಬಿಡಿಯಲ್ಲಿ ಸಿಕ್ಕಿದ್ದು ಒಂದೇ ಮಾತು: ಇದು ಬಿ.ಪಿ.ಗಲ್ಲ, ಹೃದಯದಲ್ಲಿ ನಾರು ಬೆಳೆಯಬಾರದೆಂದು.

ಪ್ರಥಮ ಪಿಯುಸಿ ಮಕ್ಕಳಿಗೆ ವಿಸರ್ಜನಾಂಗಗಳ ಪಾಠ ಮಾಡುವಾಗ ರೆನಿನ್, ಆಂಜಿಯೋಟೆನ್ಸಿನ್, ಆಲ್ಡೋಸ್ಟೆರಾನ್‌ಗಳ ಸರಪಳಿಯನ್ನು ನಾನು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ರಕ್ತದ ಹರಿವು ಕಡಿಮೆಯಾದಾಗ ಮೂತ್ರಪಿಂಡವು ರೆನಿನ್ ಬಿಡುತ್ತದೆ, ಅದರಿಂದ ಆಂಜಿಯೋಟೆನ್ಸಿನ್ ಹುಟ್ಟುತ್ತದೆ, ಅದು ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಹೊರಡಿಸುತ್ತದೆ, ಆಲ್ಡೋಸ್ಟೆರಾನ್ ಸೋಡಿಯಂ ಮತ್ತು ನೀರನ್ನು ಉಳಿಸುತ್ತದೆ, ಬಿ.ಪಿ. ಏರುತ್ತದೆ. ಪಠ್ಯಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಾರಿನ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಉಪ್ಪು ಉಳಿಸುವ ಹಾರ್ಮೋನು ಹೃದಯದ ಅಂಗಾಂಶದಲ್ಲಿ ಕಲೆಗಟ್ಟಿಸುವುದು ಹೇಗೆ? ಹೆಚ್ಚಿದ ಒತ್ತಡವೇ ಕಾರಣವಾಗಿದ್ದರೆ, ಒತ್ತಡ ಸರಿಯಿರುವವರಿಗೆ ಈ ಗುಳಿಗೆಯಿಂದ ಏನು ಪ್ರಯೋಜನ? ಹೃದಯ, ಕಿಡ್ನಿ ಎರಡೂ ಜೊತೆಜೊತೆಗೆ ಕೆಡುವುದಕ್ಕೂ ಇದೇ ಕಾರಣವೇ? ಒಮ್ಮೆ ಬೆಳೆದ ನಾರು ಕರಗುತ್ತದೆಯೇ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಅಣ್ಣನವರಿಗೂ ಓದಿ ಹೇಳುತ್ತೇನೆ.

ಉತ್ತರ: ಹೃದ್ರೋಗ ವೈದ್ಯ, ಬೆಳಗಾವಿ

ಉಪನ್ಯಾಸಕರೆ, ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ಒತ್ತಡವೊಂದೇ ಕಾರಣವಾಗಿದ್ದರೆ ನಿಮ್ಮ ಅಣ್ಣನವರ ವಾದವೇ ಗೆಲ್ಲುತ್ತಿತ್ತು.

1990ರ ಸುಮಾರಿಗೆ ಅಮೆರಿಕದಲ್ಲಿ ಕಾರ್ಲ್ ವೆಬರ್ ಮತ್ತು ಕ್ರಿಶ್ಚಿಯನ್ ಬ್ರಿಲ್ಲಾ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ಗಂಟನ್ನು ಬಿಡಿಸಿದವು. ಒಂದು ಗುಂಪಿನ ಇಲಿಗಳಲ್ಲಿ ಮೂತ್ರಪಿಂಡಕ್ಕೆ ಹೋಗುವ ಧಮನಿಯನ್ನು ಕಿರಿದು ಮಾಡಿದರು; ಅದರಿಂದ ರೆನಿನ್, ಆಂಜಿಯೋಟೆನ್ಸಿನ್, ಆಲ್ಡೋಸ್ಟೆರಾನ್ ಮೂರೂ ಏರಿ ಬಿ.ಪಿ. ಹೆಚ್ಚಾಯಿತು. ಇನ್ನೊಂದು ಗುಂಪಿಗೆ ಉಪ್ಪಿನ ಆಹಾರದ ಜೊತೆ ಆಲ್ಡೋಸ್ಟೆರಾನನ್ನೇ ನೇರವಾಗಿ ಕೊಟ್ಟರು. ಮೂರನೆಯ ಗುಂಪಿನಲ್ಲಿ ಮಹಾಧಮನಿಯನ್ನು ಮೂತ್ರಪಿಂಡದ ಕವಲಿಗಿಂತ ಕೆಳಗೆ ಬಿಗಿದರು. ಇದರಿಂದ ಹೃದಯದ ಮೇಲಿನ ಒತ್ತಡ ಏರಿತು, ಎಡಹೃತ್ಕುಕ್ಷಿ ದಪ್ಪವಾಯಿತು, ಆದರೆ ಹಾರ್ಮೋನುಗಳು ಏರಲಿಲ್ಲ. ಮೊದಲ ಎರಡು ಗುಂಪುಗಳಲ್ಲಿ ಹೃದಯದ ಸ್ನಾಯುಗಳ ನಡುವೆ ಕೊಲಾಜೆನ್ (ನಾರಿನ ಪ್ರೋಟೀನು) ತುಂಬಿಕೊಂಡಿತು, ಮೂರನೆಯದರಲ್ಲಿ ತುಂಬಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮೊದಲ ಎರಡು ಗುಂಪುಗಳಲ್ಲಿ ಬಲಹೃತ್ಕುಕ್ಷಿಯೂ ನಾರುಗಟ್ಟಿತ್ತು. ಬಲಹೃತ್ಕುಕ್ಷಿ ರಕ್ತ ತಳ್ಳುವುದು ಶ್ವಾಸಕೋಶಕ್ಕೆ, ದೇಹದ ಬಿ.ಪಿ. ಏರಿದರೂ ಅದರ ಮೇಲೆ ಆ ಹೊರೆ ಬೀಳುವುದಿಲ್ಲ. ಒತ್ತಡ ತಟ್ಟದ ಜಾಗದಲ್ಲಿಯೂ ನಾರು ಬೆಳೆದದ್ದು ರಕ್ತದಲ್ಲಿ ಹರಿದುಬಂದ ಹಾರ್ಮೋನಿನಿಂದ ಎಂಬುದನ್ನು ಬಿಟ್ಟು ಬೇರೆ ಅರ್ಥ ಹೇಳುವುದು ಕಷ್ಟ. ಅದೇ ತಂಡವು ಮುಂದೆ ಬಿ.ಪಿ. ಇಳಿಸಲು ಸಾಲದಷ್ಟು ಕಡಿಮೆ ಪ್ರಮಾಣದ ಸ್ಪೈರೊನೊಲ್ಯಾಕ್ಟೋನ್ ಕೊಟ್ಟು ನೋಡಿತು. ಬಿ.ಪಿ. ಏರಿಯೇ ಇತ್ತು, ನಾರು ಮಾತ್ರ ಬೆಳೆಯಲಿಲ್ಲ.

ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷಿ ಇದೆ. ಅಡ್ರಿನಲ್ ಗ್ರಂಥಿಯೇ ತನ್ನಷ್ಟಕ್ಕೆ ಆಲ್ಡೋಸ್ಟೆರಾನನ್ನು ಅತಿಯಾಗಿ ಸ್ರವಿಸುವ ರೋಗವನ್ನು 1955ರಲ್ಲಿ ಜೆರೋಮ್ ಕಾನ್ ವಿವರಿಸಿದರು. ಈ ರೋಗಿಗಳನ್ನು ಅಷ್ಟೇ ಬಿ.ಪಿ. ಇರುವ ಸಾಮಾನ್ಯ ರೋಗಿಗಳೊಡನೆ ಹೋಲಿಸಿ ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಬಡಿತ ಲಯ ತಪ್ಪುವುದು, ಮೂತ್ರದಲ್ಲಿ ಆಲ್ಬುಮಿನ್ ಹೋಗುವುದು ಇವೆಲ್ಲವೂ ಅವರಲ್ಲಿ ಹೆಚ್ಚು.

ಚಿಕಿತ್ಸೆಯ ಮಾತಿಗೆ ಬಂದರೆ, 1999ರಲ್ಲಿ ಪ್ರಕಟವಾದ ರೇಲ್ಸ್ ಎಂಬ ಅಧ್ಯಯನದಲ್ಲಿ ಪಂಪಿಂಗ್ ಶೇ. 35ಕ್ಕಿಂತ ಮೇಲಿಲ್ಲದ, ತೀವ್ರ ಹೃದಯ ವೈಫಲ್ಯದ 1,663 ರೋಗಿಗಳಿದ್ದರು. ಬಹುತೇಕ ಎಲ್ಲರೂ ಆಂಜಿಯೋಟೆನ್ಸಿನ್ ಹುಟ್ಟದಂತೆ ಮಾಡುವ ಗುಳಿಗೆಯನ್ನು ಆಗಲೇ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ಸುಮಾರು 25 ಮಿ.ಗ್ರಾಂ. ಸ್ಪೈರೊನೊಲ್ಯಾಕ್ಟೋನ್ ಸೇರಿಸಿದ್ದಕ್ಕೆ ಸಾವುಗಳು ಶೇ. 30ರಷ್ಟು ಕಡಿಮೆಯಾದವು, ಬಿ.ಪಿ.ಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಹೊಸ ಕೊಲಾಜೆನ್ ತಯಾರಾಗುವಾಗ ರಕ್ತಕ್ಕೆ ಬೀಳುವ ಒಂದು ತುಣುಕನ್ನು ಇವರಲ್ಲಿ ಕೆಲವರಲ್ಲಿ ಅಳೆದಾಗ, ಯಾರಲ್ಲಿ ಅದು ಹೆಚ್ಚಿತ್ತೋ ಅವರಿಗೇ ಗುಳಿಗೆಯ ಲಾಭವೂ ಹೆಚ್ಚು ಸಿಕ್ಕಿತ್ತು. ನಿಮ್ಮ ಅಣ್ಣನವರ ಸ್ಥಿತಿಗೆ ಇನ್ನೂ ಹತ್ತಿರವಾದದ್ದು 2003ರ ಎಫೆಸಸ್ ಅಧ್ಯಯನ. ಅದರಲ್ಲಿ ಇದೇ ಜಾತಿಯ ಎಪ್ಲೆರೆನೋನ್ ಎಂಬ ಗುಳಿಗೆಯನ್ನು ಹೃದಯಾಘಾತವಾದ ಎರಡು ವಾರಗಳ ಒಳಗೆ, ಪಂಪಿಂಗ್ ಶೇ. 40 ಅಥವಾ ಅದಕ್ಕಿಂತ ಕೆಳಗಿದ್ದವರಿಗೆ ಶುರುಮಾಡಿದರು. ಸಕ್ಕರೆ ಕಾಯಿಲೆ ಇಲ್ಲದವರನ್ನು ಸೇರಿಸಿಕೊಳ್ಳಲು ಹೃದಯ ವೈಫಲ್ಯದ ಲಕ್ಷಣಗಳು ಇರಬೇಕಾಗಿತ್ತು. ಸಕ್ಕರೆ ಕಾಯಿಲೆಯವರಿಗೆ ಆ ಷರತ್ತೇ ಇರಲಿಲ್ಲ. ಅಲ್ಲಿಯೂ ಸಾವು ಶೇ. 15ರಷ್ಟು ಇಳಿಯಿತು. ಬಾವು ಇಲ್ಲ ಎಂಬುದು ಈ ಗುಳಿಗೆ ಬಿಡಲು ಕಾರಣವಾಗಲಾರದು. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ಇಲಿಗಳ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇತ್ತು, ಅದನ್ನು ಬಿಡುವಂತಿಲ್ಲ. ಆಲ್ಡೋಸ್ಟೆರಾನ್ ಎಷ್ಟೇ ಇದ್ದರೂ ಆಹಾರದಲ್ಲಿ ಉಪ್ಪು ತೀರ ಕಡಿಮೆ ಇದ್ದ ಇಲಿಗಳ ಹೃದಯ ನಾರುಗಟ್ಟಲಿಲ್ಲ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಊಟಕ್ಕೆ ಉಪ್ಪು ಬಳಸುವುದೇ ಇಲ್ಲ. ಅವರ ದೇಹದಲ್ಲಿ ರೆನಿನ್, ಆಲ್ಡೋಸ್ಟೆರಾನ್ ಎರಡೂ ಬಹಳ ಹೆಚ್ಚು, ಆದರೆ ಬಿ.ಪಿ. ಇಳಿವಯಸ್ಸಿನಲ್ಲಿಯೂ ಏರುವುದಿಲ್ಲ. ಉಪ್ಪಿಗೆ ಬರವಿದ್ದಾಗ ಏರುವ ಆಲ್ಡೋಸ್ಟೆರಾನ್ ದೇಹಕ್ಕೆ ಬೇಕಾದ ಕೆಲಸ ಮಾಡುತ್ತಿರುತ್ತದೆ. ಉಪ್ಪು ಧಾರಾಳವಾಗಿದ್ದಾಗಲೂ ಇಳಿಯದೆ ಉಳಿದ ಆಲ್ಡೋಸ್ಟೆರಾನ್ ಅಂಗಾಂಶಕ್ಕೆ ಹಾನಿ ಮಾಡುತ್ತದೆ. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ರಂಜಕ, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಒಂದೇ ತಾಟಿನಲ್ಲಿರುವ ನಮ್ಮ ಕಡೆ ಬರವಿನ ಪ್ರಶ್ನೆಯೇ ಬರುವುದಿಲ್ಲ.

ಉತ್ತರ: ರೋಗಶಾಸ್ತ್ರ ವಿಭಾಗ, ವಿಜಯಪುರ

ಡಾಕ್ಟರ್ ಸಾಹೇಬರು ಕಾರಣವನ್ನು ಬರೆದಿದ್ದಾರೆ; ಜೀವಕೋಶದ ಮಟ್ಟದಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ. ಉಪನ್ಯಾಸಕರು ಕೇಳಿದ "ಹೇಗೆ" ಎಂಬುದರ ಉತ್ತರ ಅಲ್ಲಿದೆ.

ಮ್ಯಾಸನ್ ಟ್ರೈಕ್ರೋಮ್ ಎಂಬ ಬಣ್ಣ ಹಾಕಿದ ಹೃದಯದ ತೆಳುಪದರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸ್ನಾಯುಕೋಶಗಳು ಕೆಂಪಾಗಿಯೂ ಕೊಲಾಜೆನ್ ನೀಲಿಯಾಗಿಯೂ ಕಾಣುತ್ತವೆ. ಆರೋಗ್ಯವಂತ ಹೃದಯದಲ್ಲಿ ಕೆಂಪಿನ ನಡುವೆ ನೀಲಿ ಗೆರೆಗಳು ಇದ್ದೂ ಇಲ್ಲದಂತಿರುತ್ತವೆ, ರಕ್ತನಾಳಗಳ ಸುತ್ತ ಮಾತ್ರ ತೆಳುವಾದ ನೀಲಿ ಬಳೆ. ಹೃದಯಾಘಾತವಾದ ಜಾಗದಲ್ಲಿ ಸ್ನಾಯು ಸತ್ತು, ಅಲ್ಲಿ ಇಡಿಯಾಗಿ ನೀಲಿ ಹಾಳೆ ಹಾಸಿರುತ್ತದೆ. ಈ ಕಲೆ ಬೇಕಾದದ್ದೇ. ಅದು ಕಟ್ಟದಿದ್ದರೆ ಹೃದಯದ ಗೋಡೆ ಒಡೆದುಹೋಗುತ್ತದೆ. ಚಿಂತೆಗೆ ಕಾರಣವಾಗುವುದು ಆಘಾತದಿಂದ ದೂರದ, ಸ್ನಾಯು ಬದುಕಿರುವ ಭಾಗದಲ್ಲಿ ಕಾಣುವ ನೀಲಿ. ಮೊದಲು ಸಣ್ಣ ಧಮನಿಗಳ ಸುತ್ತಲಿನ ಬಳೆ ದಪ್ಪವಾಗುತ್ತದೆ, ಅಲ್ಲಿಂದ ಎಳೆಗಳು ಹೊರಟು ಸ್ನಾಯುಕೋಶಗಳ ಸಂದುಗಳಿಗೆ ನುಗ್ಗಿ ಒಂದೊಂದು ಕೋಶವನ್ನೂ ಸುತ್ತುವರಿಯುತ್ತವೆ. ಆಗ ಹೃದಯ ಹಿಗ್ಗಿ ರಕ್ತ ತುಂಬಿಕೊಳ್ಳುವುದು ಕಷ್ಟವಾಗುತ್ತದೆ, ರಕ್ತನಾಳದಿಂದ ಸ್ನಾಯುವಿಗೆ ಆಮ್ಲಜನಕ ಸಾಗಬೇಕಾದ ದಾರಿ ಉದ್ದವಾಗುತ್ತದೆ, ವಿದ್ಯುತ್ ಸಂಕೇತ ಅಡ್ಡಾದಿಡ್ಡಿ ಹರಿದು ಬಡಿತ ತಪ್ಪುತ್ತದೆ. ಹಾರ್ಮೋನಿನಿಂದ ಬರುವ ನಾರು ಎಂದರೆ ಈ ಎರಡನೆಯದು.

ಇದನ್ನು ನೇಯುವವು ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು. ಸಾಮಾನ್ಯ ಕಾಲದಲ್ಲಿ ಇವು ಸುಮ್ಮನಿರುತ್ತವೆ, ಹಳೆಯ ಕೊಲಾಜೆನ್ ತೆಗೆದು ಹೊಸದು ಹಾಕುವ ಸಣ್ಣಪುಟ್ಟ ಕೆಲಸ ನಡೆದಿರುತ್ತದೆ. ಆಂಜಿಯೋಟೆನ್ಸಿನ್ ತನ್ನ ಎಟಿ1 ಗ್ರಾಹಕದ (ಹಾರ್ಮೋನು ಬಂದು ಅಂಟುವ ಪ್ರೋಟೀನಿನ) ಮೂಲಕ, ಆಲ್ಡೋಸ್ಟೆರಾನ್ ಜೀವಕೋಶದ ಒಳಗಿರುವ ಮಿನರಲೊಕಾರ್ಟಿಕಾಯ್ಡ್ ಗ್ರಾಹಕದ ಮೂಲಕ ಇಲ್ಲಿಗೆ ಬಂದು ಕೂಡುತ್ತವೆ. ಎರಡೂ ಕೋಶದ ಒಳಗೆ ಉತ್ಕರ್ಷಣದ ಒತ್ತಡ (ಆಮ್ಲಜನಕದ ಚುರುಕು ಕಣಗಳಿಂದಾಗುವ ಹಾನಿ, ರಕ್ತದೊತ್ತಡವಲ್ಲ) ಹೆಚ್ಚಿಸುತ್ತವೆ, ಉರಿಯೂತದ ವಂಶವಾಹಿಗಳನ್ನು ಎಬ್ಬಿಸುತ್ತವೆ. ರಕ್ತನಾಳದ ಸುತ್ತ ಮ್ಯಾಕ್ರೊಫೇಜ್ ಎಂಬ ಬಿಳಿರಕ್ತಕಣಗಳು ಬಂದು ಸೇರುತ್ತವೆ. ಇವುಗಳ ಪಾತ್ರ ನಾವು ಹಿಂದೆ ತಿಳಿದದ್ದಕ್ಕಿಂತ ದೊಡ್ಡದು: ಮ್ಯಾಕ್ರೊಫೇಜಿನಲ್ಲಿ ಮಾತ್ರ ಮಿನರಲೊಕಾರ್ಟಿಕಾಯ್ಡ್ ಗ್ರಾಹಕವನ್ನು ತೆಗೆದುಹಾಕಿದ ಚಿಟ್ಟಿಲಿಗಳ ಹೃದಯ, ಹಾರ್ಮೋನು ಕೊಟ್ಟರೂ ಅಷ್ಟಾಗಿ ನಾರುಗಟ್ಟುವುದಿಲ್ಲ.

ಇದೆಲ್ಲದರ ನಡುವೆ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಕೆಲಸ ಹೆಚ್ಚುತ್ತದೆ. ಅದು ಅಂಗಾಂಶದಲ್ಲಿ ಮೊದಲೇ ನಿಷ್ಕ್ರಿಯ ರೂಪದಲ್ಲಿ ಕಟ್ಟಿಹಾಕಲ್ಪಟ್ಟಿರುತ್ತದೆ, ಬಿಡುಗಡೆಯಾದಾಗ ಫೈಬ್ರೊಬ್ಲಾಸ್ಟಿನ ಮೇಲ್ಮೈಯ ಗ್ರಾಹಕಕ್ಕೆ ಅಂಟುತ್ತದೆ. ಆಗ ಸ್ಮ್ಯಾಡ್ ಎಂಬ ಪ್ರೋಟೀನುಗಳು ಕೋಶಕೇಂದ್ರಕ್ಕೆ ಹೋಗಿ ಕೊಲಾಜೆನ್ 1 ಮತ್ತು 3ರ ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಫೈಬ್ರೊಬ್ಲಾಸ್ಟ್ ತನ್ನೊಳಗೆ ಸ್ನಾಯುವಿನಂತೆ ಎಳೆಯುವ ಆಕ್ಟಿನ್ ತಂತುಗಳನ್ನು ಬೆಳೆಸಿಕೊಂಡು ಮಯೊಫೈಬ್ರೊಬ್ಲಾಸ್ಟ್ ಆಗುತ್ತದೆ. ಅದು ಕೊಲಾಜೆನ್ ಸುರಿಯುವುದಷ್ಟೇ ಅಲ್ಲ, ಸುರಿದದ್ದನ್ನು ಎಳೆದು ಬಿಗಿಯುತ್ತದೆ. ಬಿಗಿಯಾದ ಅಂಗಾಂಶದ ಎಳೆತವೇ ಕಟ್ಟಿಹಾಕಿದ ಟಿಜಿಎಫ್-ಬೀಟಾವನ್ನು ಮತ್ತಷ್ಟು ಬಿಡಿಸುತ್ತದೆ. ಒಂದು ಹಂತ ದಾಟಿದ ಮೇಲೆ ಹಾರ್ಮೋನು ಇಳಿದರೂ ಈ ಚಕ್ರ ತಾನಾಗಿಯೇ ತಿರುಗಬಲ್ಲದು. ತಡಮಾಡಿ ಶುರುಮಾಡಿದ ಗುಳಿಗೆ ಅಷ್ಟು ಫಲ ಕೊಡದಿರಲು ಇದೂ ಒಂದು ಕಾರಣ.

ನಾರು ಕರಗುತ್ತದೆಯೇ ಎಂದು ಕೇಳಿದ್ದೀರಿ. ಇಳಕಲ್ಲಿನ ಮಗ್ಗದಲ್ಲಿ ಈಗಷ್ಟೇ ಹಾಯಿಸಿದ ಹೊಕ್ಕಿನ ಎಳೆಯನ್ನು ಬೆರಳಿನಿಂದ ಹಿಂದಕ್ಕೆಳೆಯಬಹುದು, ಬಡಿದು ಬಿಗಿದು ಸುತ್ತಿಟ್ಟ ಸೀರೆಯಿಂದ ಎಳೆಯಲಾಗುವುದಿಲ್ಲ. ಕೊಲಾಜೆನ್ ಕೂಡ ಹಾಗೆಯೇ. ಹೊಸ ಎಳೆಗಳನ್ನು ದೇಹದ ಕಿಣ್ವಗಳು ಕತ್ತರಿಸಬಲ್ಲವು. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ಎಳೆ ಎಳೆಗೆ ಅಡ್ಡಬೆಸುಗೆ ಹಾಕಿದ ಮೇಲೆ ಆ ಕೆಲಸ ಬಹಳ ನಿಧಾನವಾಗುತ್ತದೆ. ಪೂರ್ತಿ ಅಸಾಧ್ಯ ಎನ್ನಲಾರೆ. 2000ದಲ್ಲಿ ಪ್ರಕಟವಾದ ಬ್ರಿಲ್ಲಾ ಅವರ ಇನ್ನೊಂದು ಅಧ್ಯಯನದಲ್ಲಿ ಬಿ.ಪಿ. ರೋಗಿಗಳ ಹೃದಯದಿಂದ ಚೂರು ತೆಗೆದು ನೋಡಿದ್ದರು: ಆಂಜಿಯೋಟೆನ್ಸಿನ್ ಹುಟ್ಟದಂತೆ ಮಾಡುವ ಲಿಸಿನೊಪ್ರಿಲ್ ಗುಳಿಗೆಯನ್ನು ಆರು ತಿಂಗಳು ತೆಗೆದುಕೊಂಡವರಲ್ಲಿ ಕೊಲಾಜೆನ್ ಸ್ವಲ್ಪ ಇಳಿದಿತ್ತು, ಬರೀ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ತೆಗೆದುಕೊಂಡವರಲ್ಲಿ ಇಳಿದಿರಲಿಲ್ಲ. ಮೂತ್ರಪಿಂಡದ ವಿಷಯದಲ್ಲಿ 1998ರ ಒಂದು ವರದಿ ನನಗೆ ಇಂದಿಗೂ ಅಚ್ಚರಿ ತರುತ್ತದೆ. ಮೇದೋಜೀರಕ ಗ್ರಂಥಿಯ ಕಸಿಯಿಂದ ಸಕ್ಕರೆ ಕಾಯಿಲೆ ವಾಸಿಯಾದ ಎಂಟು ಜನರ ಸ್ವಂತ ಮೂತ್ರಪಿಂಡಗಳಲ್ಲಿ ದಪ್ಪಗಟ್ಟಿದ ಪೊರೆಗಳು ಐದು ವರ್ಷಕ್ಕೆ ಹಾಗೆಯೇ ಇದ್ದವು, ಹತ್ತು ವರ್ಷಕ್ಕೆ ತೆಳುವಾಗಿದ್ದವು. ಅಂದರೆ ಮೂಲ ಪ್ರಚೋದನೆ ನಿಂತರೆ ದೇಹ ಸರಿಪಡಿಸಿಕೊಳ್ಳುತ್ತದೆ, ಆದರೆ ಅದಕ್ಕೆ ವರ್ಷಗಳೇ ಬೇಕು. ಹೃದಯಾಘಾತದ ನೀಲಿ ಹಾಳೆ ಮಾತ್ರ ಹಾಗೆಯೇ ಉಳಿಯುತ್ತದೆ.

ಮರುಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ

ಇಬ್ಬರಿಗೂ ಕೃತಜ್ಞತೆಗಳು. ಬಲಹೃತ್ಕುಕ್ಷಿಯ ಪ್ರಯೋಗವೊಂದೇ ಸಾಕಿತ್ತು. ಅಣ್ಣನವರಿಗೆ ಚಿತ್ರ ಬರೆದು ತೋರಿಸಿದೆ, ಇವತ್ತು ರಾತ್ರಿಯಿಂದ ಗುಳಿಗೆ ಶುರುಮಾಡುವುದಾಗಿ ಒಪ್ಪಿದ್ದಾರೆ.

ಒಂದು ಸಂಶಯ ಉಳಿದಿದೆ. ಮಿನರಲೊಕಾರ್ಟಿಕಾಯ್ಡ್ ಗ್ರಾಹಕಕ್ಕೆ ಅಡ್ರಿನಲ್ ಗ್ರಂಥಿಯ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್ ಕೂಡ ಆಲ್ಡೋಸ್ಟೆರಾನಿನಷ್ಟೇ ಬಲವಾಗಿ ಅಂಟುತ್ತದೆ ಎಂದು ಓದಿದ್ದೇನೆ. ರಕ್ತದಲ್ಲಿ ಕಾರ್ಟಿಸೋಲಿನ ಪ್ರಮಾಣ ಆಲ್ಡೋಸ್ಟೆರಾನಿಗಿಂತ ನೂರಾರು ಪಟ್ಟು ಹೆಚ್ಚು. ಹಾಗಿದ್ದರೆ ಆಲ್ಡೋಸ್ಟೆರಾನಿಗೆ ಜಾಗ ಸಿಗುವುದು ಹೇಗೆ? ಎಲ್ಲರ ಹೃದಯವೂ ಕಾರ್ಟಿಸೋಲಿನಿಂದಲೇ ನಾರುಗಟ್ಟಿರಬೇಕಿತ್ತಲ್ಲವೇ?

ಉತ್ತರ: ಹೃದ್ರೋಗ ವೈದ್ಯ, ಬೆಳಗಾವಿ

ಒಳ್ಳೆಯ ಪ್ರಶ್ನೆ. ಈ ಗ್ರಾಹಕದ ವಂಶವಾಹಿಯನ್ನು 1987ರಲ್ಲಿ ಗುರುತಿಸಿದಾಗ ಸಂಶೋಧಕರನ್ನು ಕಾಡಿದ್ದೂ ಇದೇ.

ಮೂತ್ರಪಿಂಡದ ನಾಳಕೋಶಗಳಲ್ಲಿ ಗ್ರಾಹಕದ ಪಕ್ಕದಲ್ಲಿಯೇ ಒಂದು ಕಿಣ್ವ ಕುಳಿತಿರುತ್ತದೆ. ಒಳಬಂದ ಕಾರ್ಟಿಸೋಲನ್ನು ಅದು ಗ್ರಾಹಕಕ್ಕೆ ಅಂಟದ ಕಾರ್ಟಿಸೋನ್ ಆಗಿ ಬದಲಿಸುತ್ತದೆ. ಆಲ್ಡೋಸ್ಟೆರಾನಿನ ರಚನೆ ಬೇರೆಯಾದ್ದರಿಂದ ಕಿಣ್ವ ಅದನ್ನು ಮುಟ್ಟುವುದಿಲ್ಲ. ಅತಿಮಧುರದ ಬೇರಿನಲ್ಲಿರುವ ಗ್ಲಿಸಿರೈಜಿನ್ ಈ ಕಿಣ್ವವನ್ನು ತಡೆಯುತ್ತದೆ. ಗಂಟಲು ನೋವಿಗೆಂದು ಅತಿಮಧುರದ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯುವವರಲ್ಲಿ ಆಲ್ಡೋಸ್ಟೆರಾನ್ ಕಡಿಮೆಯಿದ್ದರೂ ಬಿ.ಪಿ. ಏರಿ ಪೊಟ್ಯಾಸಿಯಂ ಇಳಿಯುವುದು ಇದರಿಂದಲೇ. ಅಲ್ಲಿ ಕಾರ್ಟಿಸೋಲ್ ಆಲ್ಡೋಸ್ಟೆರಾನಿನ ವೇಷ ಹಾಕಿರುತ್ತದೆ. ನಿಮ್ಮ ಅಣ್ಣನವರಿಗೆ ಅಂಥ ಕಷಾಯದ ರೂಢಿಯಿದ್ದರೆ ಬಿಡಿಸಿ.

ಹೃದಯದ ಸ್ನಾಯುಕೋಶದಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ಮ್ಯಾಕ್ರೊಫೇಜಿನಲ್ಲಿಯೂ ಹಾಗೆಯೇ. ಅಲ್ಲಿನ ಗ್ರಾಹಕಗಳನ್ನು ಹೆಚ್ಚಾಗಿ ಕಾರ್ಟಿಸೋಲೇ ಹಿಡಿದಿರುತ್ತದೆ. ಅಂಗಾಂಶ ಆರೋಗ್ಯವಾಗಿದ್ದಾಗ ಹೀಗೆ ಅಂಟಿಕೊಂಡ ಕಾರ್ಟಿಸೋಲ್ ಗ್ರಾಹಕವನ್ನು ಎಬ್ಬಿಸದೆ ಸುಮ್ಮನಿಟ್ಟಿರುತ್ತದೆ. ಆಮ್ಲಜನಕದ ಕೊರತೆ ಅಥವಾ ಉತ್ಕರ್ಷಣದ ಒತ್ತಡವಿದ್ದಾಗ ಅದೇ ಕಾರ್ಟಿಸೋಲ್ ಗ್ರಾಹಕವನ್ನು ಎಬ್ಬಿಸುತ್ತದೆ ಎಂಬುದು ಈಗ ಹೆಚ್ಚು ಮಂದಿ ಒಪ್ಪುವ ವಿವರಣೆ. ರಕ್ತದಲ್ಲಿ ಆಲ್ಡೋಸ್ಟೆರಾನ್ ಏರದಿದ್ದರೂ ಈ ಗುಳಿಗೆ ಫಲ ಕೊಡುವುದನ್ನು ಇದರಿಂದ ಅರ್ಥ ಮಾಡಿಕೊಳ್ಳಬಹುದು: ಗುಳಿಗೆ ತಡೆಯುವುದು ಹಾರ್ಮೋನನ್ನಲ್ಲ, ಗ್ರಾಹಕವನ್ನು.

ಉತ್ತರ: ಮೂತ್ರಪಿಂಡ ತಜ್ಞೆ, ಬೆಳಗಾವಿ

ಮೇಲಿನ ಮಾತುಗಳಲ್ಲಿ ಕಿಡ್ನಿ ಹಿಂದೆ ಬಿದ್ದಿದೆ. ಅಣ್ಣನವರ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವುದರಿಂದ ಅದನ್ನೂ ಹೇಳಬೇಕು.

ಮೂತ್ರಪಿಂಡದ ಸೋಸುಗುಚ್ಛಕ್ಕೆ ಒಳಬರುವ ಒಂದು ಸಣ್ಣ ಧಮನಿ, ಹೊರಹೋಗುವ ಇನ್ನೊಂದು ಇರುತ್ತವೆ. ಆಂಜಿಯೋಟೆನ್ಸಿನ್ ಹೊರಹೋಗುವ ಧಮನಿಯನ್ನು ಹೆಚ್ಚು ಬಿಗಿಯುತ್ತದೆ, ಅದರಿಂದ ಗುಚ್ಛದ ಒಳಗಿನ ಒತ್ತಡ ಏರುತ್ತದೆ. ತೋಳಿನ ಬಿ.ಪಿ. 118 ಇದ್ದರೂ ಆ ಗುಚ್ಛದೊಳಗೆ ಒತ್ತಡ ಹೆಚ್ಚಿರಬಹುದು. ಮೂತ್ರಪಿಂಡವು ಆಂಜಿಯೋಟೆನ್ಸಿನನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ, ಅಲ್ಲಿ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಒತ್ತಡಕ್ಕೆ ಮತ್ತು ಹಾರ್ಮೋನಿಗೆ ಸಿಕ್ಕ ಪೋಡೊಸೈಟ್ ಕೋಶಗಳು ಗುಚ್ಛದ ಗೋಡೆಯಿಂದ ಕಳಚಿಬೀಳುತ್ತವೆ, ಅವು ಮತ್ತೆ ಹುಟ್ಟುವುದು ಬಹಳ ಅಪರೂಪ. ಆ ಬಿರುಕಿನಲ್ಲಿ ಆಲ್ಬುಮಿನ್ ಸೋರುತ್ತದೆ. ಸೋರಿದ ಆಲ್ಬುಮಿನನ್ನು ನಾಳಕೋಶಗಳು ಹೀರಿಕೊಳ್ಳುವ ಭರದಲ್ಲಿ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ, ಅಲ್ಲಿಂದ ಮುಂದೆ ಟಿಜಿಎಫ್-ಬೀಟಾ ಮತ್ತು ಮಯೊಫೈಬ್ರೊಬ್ಲಾಸ್ಟುಗಳ ಕಥೆ ಹೃದಯದ್ದೇ. ಕಿಡ್ನಿ ಇನ್ನೆಷ್ಟು ಕಾಲ ಬಾಳುತ್ತದೆ ಎಂಬುದನ್ನು ಸೋಸುಗುಚ್ಛದ ಹಾನಿಗಿಂತ ನಾಳಗಳ ನಡುವಿನ ಈ ನಾರೇ ಹೆಚ್ಚು ನಿರ್ಧರಿಸುತ್ತದೆ. ಕಿಡ್ನಿ ಕೆಟ್ಟಷ್ಟೂ ಸೋಡಿಯಂ ಉಳಿಯುತ್ತದೆ, ಹೃದಯ ಕೆಟ್ಟಷ್ಟೂ ಕಿಡ್ನಿಗೆ ರಕ್ತ ಕಡಿಮೆಯಾಗಿ ರೆನಿನ್ ಏರುತ್ತದೆ. ಎರಡು ಅಂಗಗಳು ಜೊತೆಜೊತೆಗೆ ಕೆಡುವುದು ಹೀಗೆ.

ಆಂಜಿಯೋಟೆನ್ಸಿನ್ ತಡೆಯುವ ಲೊಸಾರ್ಟಾನ್ ಸಕ್ಕರೆ ಕಾಯಿಲೆಯ ಕಿಡ್ನಿ ಹಾನಿಯನ್ನು ನಿಧಾನಗೊಳಿಸುತ್ತದೆ ಎಂಬುದು 2001ರಲ್ಲಿಯೇ ಖಚಿತವಾಗಿತ್ತು. ಆದರೂ ಹಾನಿ ಪೂರ್ತಿ ನಿಲ್ಲಲಿಲ್ಲ. ಇಂಥ ಗುಳಿಗೆ ತೆಗೆದುಕೊಳ್ಳುತ್ತಿರುವ ಹಲವರಲ್ಲಿ ಮೊದಲು ಇಳಿದ ಆಲ್ಡೋಸ್ಟೆರಾನ್ ಕೆಲವು ತಿಂಗಳ ನಂತರ ಮತ್ತೆ ಏರುವುದು ಅದಕ್ಕೊಂದು ಕಾರಣ. ಎರಡು ಬಗೆಯ ಆಂಜಿಯೋಟೆನ್ಸಿನ್ ತಡೆಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಅಧ್ಯಯನಗಳು ಲಾಭ ತೋರಿಸಲಿಲ್ಲ, ಹಾನಿ ತೋರಿಸಿದವು. 2013ರಲ್ಲಿ ಪ್ರಕಟವಾದ ಒಂದನ್ನು ಪೊಟ್ಯಾಸಿಯಂ ಏರುವಿಕೆ ಮತ್ತು ಹಠಾತ್ ಕಿಡ್ನಿ ವೈಫಲ್ಯದ ಕಾರಣ ನಡುವೆಯೇ ನಿಲ್ಲಿಸಬೇಕಾಯಿತು. ಟಿಜಿಎಫ್-ಬೀಟಾವನ್ನೇ ನೇರವಾಗಿ ತಡೆಯುವ ಪ್ರತಿಕಾಯವೂ ಸಕ್ಕರೆ ಕಾಯಿಲೆಯ ಕಿಡ್ನಿಯಲ್ಲಿ ಸೋತಿತು. ಸರಪಳಿಯ ಕೊನೆಯ ಕೊಂಡಿಯನ್ನು ಕತ್ತರಿಸುವುದೇ ಜಾಣತನ ಎಂದು ಪುಸ್ತಕ ಓದಿದವರಿಗೆ ಅನ್ನಿಸುತ್ತದೆ, ನನಗೂ ಒಂದು ಕಾಲಕ್ಕೆ ಆ ಆಸೆ ಇತ್ತು. ಆದರೆ ಟಿಜಿಎಫ್-ಬೀಟಾ ಉರಿಯೂತವನ್ನು ಹತೋಟಿಯಲ್ಲಿಡುವ ಕೆಲಸವನ್ನೂ ಮಾಡುತ್ತದೆ. ಫಲ ಕೊಟ್ಟದ್ದು ಮಿನರಲೊಕಾರ್ಟಿಕಾಯ್ಡ್ ಗ್ರಾಹಕದ ತಡೆ. ಫಿನೆರೆನೋನ್ ಎಂಬ ಹೊಸ ಗುಳಿಗೆಯ 2020ರ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟ 5,700ಕ್ಕೂ ಹೆಚ್ಚು ಜನರಿದ್ದರು. ಕಿಡ್ನಿ ವೈಫಲ್ಯ, ಕಿಡ್ನಿಯ ಸೋಸುವ ಶಕ್ತಿ ಶೇ. 40ರಷ್ಟು ಕುಸಿಯುವುದು, ಕಿಡ್ನಿ ರೋಗದಿಂದ ಸಾವು ಇವೆಲ್ಲ ಸೇರಿ ಶೇ. 18ರಷ್ಟು ಕಡಿಮೆಯಾದವು. ಬಿ.ಪಿ.ಯ ಮೇಲೆ ಅದರ ಪರಿಣಾಮ ಅಲ್ಪವೇ. ಅಣ್ಣನವರ ಪಂಪಿಂಗ್ ಶೇ. 35 ಇರುವುದರಿಂದ ಅವರಿಗೆ ಸ್ಪೈರೊನೊಲ್ಯಾಕ್ಟೋನೇ ಸರಿ, ಅದು ಅಗ್ಗವೂ ಹೌದು. ಹತ್ತರಲ್ಲಿ ಒಬ್ಬ ಗಂಡಸಿಗೆ ಇದರಿಂದ ಎದೆಯ ಭಾಗ ನೋಯಬಹುದು ಅಥವಾ ಉಬ್ಬಬಹುದು. ನಾಚಿಕೆಯಿಂದ ಸುಮ್ಮನಿರದೆ ಹೇಳಿದರೆ ಎಪ್ಲೆರೆನೋನಿಗೆ ಬದಲಿಸಬಹುದು.

ಪ್ರತಿಕ್ರಿಯೆ: ನಿವೃತ್ತ ನೌಕರ, ಮುಧೋಳ

ಮೇಡಂ, ನಾನೂ ಇದೇ ಗುಳಿಗೆಯನ್ನು ತೆಗೆದುಕೊಳ್ಳುತ್ತಿದ್ದೇನೆ. ಉಪ್ಪು ಕಡಿಮೆ ಮಾಡಲೆಂದು ಮನೆಯಲ್ಲಿ ಸೈಂಧವ ಲವಣ ತಂದಿದ್ದಾರೆ, ಸೊಸೆ ಈಗ ಪೇಟೆಯಿಂದ ಸೋಡಿಯಂ ಕಡಿಮೆಯಿರುವ ಉಪ್ಪಿನ ಪಾಕೀಟು ತರುತ್ತೇನೆ ಎನ್ನುತ್ತಿದ್ದಾಳೆ. ಯಾವುದು ಒಳ್ಳೆಯದು? ಮೊಣಕಾಲು ನೋವಿಗೆ ಆಗಾಗ ಗುಳಿಗೆ ತೆಗೆದುಕೊಳ್ಳುವುದೂ ಇದೆ.

ಉತ್ತರ: ಮೂತ್ರಪಿಂಡ ತಜ್ಞೆ, ಬೆಳಗಾವಿ

ಹಿರಿಯರೆ, ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅದರಿಂದ ಏನೂ ಉಳಿತಾಯವಿಲ್ಲ. ಪೇಟೆಯ ಕಡಿಮೆ ಸೋಡಿಯಂ ಉಪ್ಪು ನಿಮಗೆ ಬೇಡವೇ ಬೇಡ, ಏಕೆಂದರೆ ಅದರಲ್ಲಿ ಸೋಡಿಯಂ ಬದಲಿಗೆ ಬೆರೆಸಿರುವುದು ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ ಅಂಥ ಉಪ್ಪು ಕೊಟ್ಟು ನೋಡಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾರ್ಶ್ವವಾಯು ಕಡಿಮೆಯಾದದ್ದು ನಿಜ, ಆದರೆ ಕಿಡ್ನಿ ಕೆಟ್ಟವರನ್ನು ಮತ್ತು ನಿಮ್ಮಂತೆ ಪೊಟ್ಯಾಸಿಯಂ ಉಳಿಸುವ ಗುಳಿಗೆ ತೆಗೆದುಕೊಳ್ಳುವವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತದೆ. ಅದರ ಮೇಲೆ ಈ ಉಪ್ಪು ಸೇರಿದರೆ ಹೃದಯದ ಬಡಿತಕ್ಕೇ ಅಪಾಯ. ಬೇಸಿಗೆಯಲ್ಲಿ ದಿನವೂ ಎಳನೀರು ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ನಿಮ್ಮ ವೈದ್ಯರಿಗೆ ತಿಳಿಸಿ. ಸಾಮಾನ್ಯ ಉಪ್ಪನ್ನೇ ದಿನಕ್ಕೆ 5 ಗ್ರಾಂ.ಗಿಂತ ಕಡಿಮೆ ಬಳಸಿ, ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಬಿಡಿ.

ಮೊಣಕಾಲಿನ ಗುಳಿಗೆ ಇದಕ್ಕಿಂತ ದೊಡ್ಡ ಚಿಂತೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ಕಿಡ್ನಿಗೆ ಬರುವ ರಕ್ತವನ್ನು ತಗ್ಗಿಸುತ್ತವೆ. ಆಂಜಿಯೋಟೆನ್ಸಿನ್ ತಡೆ ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಗಳ ಜೊತೆ ಇವು ಸೇರಿ, ಮೇಲೆ ಏಪ್ರಿಲ್–ಮೇ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಕಿಡ್ನಿ ಹಠಾತ್ತನೆ ನಿಲ್ಲಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ವಾಂತಿ–ಭೇದಿ ಆದ ದಿನಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿ ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಉಪನ್ಯಾಸಕರೆ, ನಿಮ್ಮ ಅಣ್ಣನವರಿಗೂ ಇದು ಅನ್ವಯಿಸುತ್ತದೆ. ಗುಳಿಗೆ ಶುರುಮಾಡಿದ ಒಂದು ವಾರಕ್ಕೆ, ಮತ್ತೆ ನಾಲ್ಕು ವಾರಕ್ಕೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಪರೀಕ್ಷೆ ಆಗಬೇಕು, ಅನಂತರ ಮೂರು–ನಾಲ್ಕು ತಿಂಗಳಿಗೊಮ್ಮೆ. ಪೊಟ್ಯಾಸಿಯಂ 5.5 ದಾಟಿದರೆ ಪ್ರಮಾಣ ತಗ್ಗಿಸಬೇಕಾಗುತ್ತದೆ ಅಥವಾ ನಿಲ್ಲಿಸಬೇಕಾಗುತ್ತದೆ. ಕ್ರಿಯಾಟಿನಿನ್ ಮೊದಲ ವಾರಗಳಲ್ಲಿ ಸ್ವಲ್ಪ ಏರಿದರೆ ಗಾಬರಿಯಾಗಿ ಗುಳಿಗೆ ಬಿಡಿಸಬೇಡಿ. ಗುಚ್ಛದೊಳಗಿನ ಒತ್ತಡ ಇಳಿದಾಗ ಹಾಗೆ ಆಗುತ್ತದೆ. ಶೇ. 30ಕ್ಕಿಂತ ಹೆಚ್ಚು ಏರಿದರೆ ಮಾತ್ರ ಅದೇ ವಾರ ತೋರಿಸಿ.